ಕತ್ತಿ ಬೇಡ, ಸೂಟ್‌ಕೇಸ್ ಸಾಕು

ಪೀರಿಯಡ್ ಫಿಲ್ಮ್ ಅಂದ ಕೂಡಲೇ ನಮ್ಮೆಲ್ಲರ ಕಣ್ಣ ಮುಂದೆ ಬರುವುದು ಕಿರೀಟ, ಕತ್ತಿ, ಕುದುರೆ, ಧೂಳು. ಅದಕ್ಕೆ ಕಾರಣವೂ ಇದೆ. 'ರಣಧೀರ ಕಂಠೀರವ' (1960), 'ಇಮ್ಮಡಿ ಪುಲಿಕೇಶಿ' (1967), 'ಮಯೂರ' (1975) – ಇವುಗಳನ್ನು ಟಿವಿಯಲ್ಲಿ ನೋಡಿಕೊಂಡೇ ಬೆಳೆದವರು ನಾವು. ಹಾಗಾಗಿ ಈ ಸಲದ ರಾಜ್ಯೋತ್ಸವಕ್ಕೆ ಸಂಘದಿಂದ ಎರಡು ನಿಮಿಷದ ಒಂದು ಪೀರಿಯಡ್ ಟ್ರೈಲರ್ ಮಾಡೋಣ ಅಂತ ಮಾತು ಬಂದಾಗ, ಮೊದಲ ಪಟ್ಟಿಯಲ್ಲಿ ಇದ್ದವರೆಲ್ಲ ರಾಜರೇ. ಕೊನೆಗೆ ನಾವು ಶೂಟ್ ಮಾಡಿದ್ದು ಮಾತ್ರ 1972ರ ನ್ಯೂಜೆರ್ಸಿಯ ಒಂದು ಬಾಡಿಗೆ ರೂಮನ್ನು, ಅದರಲ್ಲಿ ಇಬ್ಬರು ಕನ್ನಡ ವಿದ್ಯಾರ್ಥಿಗಳನ್ನು, ಊರಿಂದ ಬಂದ ಒಂದು ಕಾಗದವನ್ನು.

ಈ ಲೇಖನ ಆ ಟ್ರೈಲರ್ ಎಷ್ಟು ಚೆನ್ನಾಗಿದೆ ಅಂತ ಹೇಳಿಕೊಳ್ಳೋಕಲ್ಲ. ನಮ್ಮ ಹಾಗೆ ಹೊರದೇಶದಲ್ಲಿ ಓದುತ್ತಿರುವ ಕನ್ನಡ ವಿದ್ಯಾರ್ಥಿಗಳು ಪೀರಿಯಡ್ ಕಥೆಗೆ ಕೈ ಹಾಕುವಾಗ ಯಾವ ಕಾಲವನ್ನು ಆರಿಸಬೇಕು ಅನ್ನುವ ವಿಷಯದಲ್ಲಿ ನಮಗೊಂದು ಅಭಿಪ್ರಾಯವಿದೆ. 'ಯಾವ ಕಾಲ ಪರದೆ ಮೇಲೆ ಭರ್ಜರಿಯಾಗಿ ಕಾಣುತ್ತೆ' ಅಂತ ಕೇಳಬೇಡಿ. 'ಯಾವ ಕಾಲದ ಬಗ್ಗೆ ಯಾರದಾದರೂ ಮನೆ ಬಾಗಿಲು ತಟ್ಟಿ ವಿಚಾರಿಸಬಹುದು' ಅಂತ ಕೇಳಿ.

ರಾಜರ ಪರ ಇದ್ದ ಗೆಳೆಯರ ವಾದ ತಳ್ಳಿಹಾಕುವಂಥದ್ದೇನೂ ಅಲ್ಲ. ನಮ್ಮ ಕಾರ್ಯಕ್ರಮಗಳಿಗೆ ಬೇರೆ ಬೇರೆ ದೇಶದವರು ಬರ್ತಾರೆ. ಅವರಿಗೆ ಇಂಡಿಯಾದ ಇತಿಹಾಸ ಅಂದರೆ ತಾಜ್‌ಮಹಲ್, ಸಿನಿಮಾ ಅಂದರೆ ಬಾಲಿವುಡ್. ಬಾದಾಮಿ, ಹಂಪಿ, ಹಳೇಬೀಡು ಅಂತೆಲ್ಲ ಇದೆ ಅಂತ ಹೇಳೋರು ಯಾರು, ನಾವೇ ಅಲ್ವಾ? ನಿಜ. ಆದರೆ ಐಹೊಳೆಯ ಮೇಗುಟಿಯಲ್ಲಿ ಕ್ರಿ.ಶ. 634ರ ರವಿಕೀರ್ತಿಯ ಶಾಸನ ಇವತ್ತಿಗೂ ನಿಂತಿದೆ. ಅಂಥ ಇತಿಹಾಸವಿರುವ ಪುಲಿಕೇಶಿಯ ತಲೆಗೆ ರಟ್ಟಿನ ಕಿರೀಟ ಇಟ್ಟು, ಕೈಗೆ ಪ್ಲಾಸ್ಟಿಕ್ ಕತ್ತಿ ಕೊಟ್ಟು, ಹಿಂದೆ ಕೆಂಪಾದ ಮೇಪಲ್ ಮರಗಳನ್ನು ತೋರಿಸಿದರೆ ನೋಡುವವರಿಗೆ ಬರುವುದು ಗೌರವ ಅಲ್ಲ, ನಗು. ತಮಾಷೆಗೇ ಮಾಡೋದಾದರೆ ಸರಿ. ಅಭಿಮಾನದಿಂದ ಮಾಡಿ ನಗೆಪಾಟಲಾಗೋದು ಯಾಕೆ?

ಹಳೇ ಕಾಲವೇ ಬೇಕು ಅನ್ನುವವರಿಗೆ ನಮ್ಮಲ್ಲೇ ಒಂದು ಒಳ್ಳೇ ಪಾಠವಿದೆ: ಗಿರೀಶ ಕಾರ್ನಾಡರ 'ಒಂದಾನೊಂದು ಕಾಲದಲ್ಲಿ' (1978). ಶಂಕರ್ ನಾಗ್ ಅವರ ಮೊದಲ ಚಿತ್ರ. ಅದರಲ್ಲಿ ದೊಡ್ಡ ಸಾಮ್ರಾಜ್ಯವಿಲ್ಲ, ಚಿನ್ನದ ಸಿಂಹಾಸನವಿಲ್ಲ. ಇರುವುದು ಸಣ್ಣ ಪಾಳೆಯಗಳು, ಕೂಲಿಗೆ ಕಾದಾಡುವ ಒಬ್ಬ ಯೋಧ, ಕಾಡು, ಮಳೆ ಬಿದ್ದ ನೆಲ. ಕುರೊಸಾವಾ ಅವರ ಸಮುರಾಯ್ ಚಿತ್ರಗಳಿಗೆ ಕಾರ್ನಾಡರು ಸಲ್ಲಿಸಿದ ಗೌರವ ಅದು. ಸಾವಿರ ಜನರ ಸೈನ್ಯ ತೋರಿಸಲಾಗದಿದ್ದರೆ ಹತ್ತು ಜನರ ಜಗಳದ ಕಥೆ ಬರೆಯಬೇಕು ಅನ್ನುವ ಬುದ್ಧಿವಂತಿಕೆ ಅಲ್ಲಿದೆ. ನಮ್ಮ ಕೈಲಿರುವ ಸಾಮಾನಿಗೆ ತಕ್ಕ ಕಾಲವನ್ನು ಆರಿಸೋದು ಬಡತನ ಅಲ್ಲ, ಪ್ಲಾನಿಂಗ್.

ಇನ್ನು ಕಾನೂನಿನ ವಿಷಯ. ನ್ಯೂಯಾರ್ಕ್ ನಗರದಲ್ಲಿ ಕೈಯಲ್ಲಿ ಹಿಡಿದ ಕ್ಯಾಮೆರಾದಲ್ಲೋ ಟ್ರೈಪಾಡ್ ಇಟ್ಟುಕೊಂಡೋ, ಯಾರ ದಾರಿಗೂ ಅಡ್ಡವಾಗದೆ ಶೂಟ್ ಮಾಡುವುದಕ್ಕೆ ಪರ್ಮಿಟ್ ಬೇಕಿಲ್ಲ. ಆದರೆ ನಾಟಕದ ಆಯುಧ ಬಂತೋ, ಆಗ ಪರ್ಮಿಟ್ ಬೇಕೇ ಬೇಕು. ಡ್ರೋನ್ ಹಾರಿಸುವುದಕ್ಕೂ ಬೇಕು. ನದಿಯ ಈಚೆ ನಮ್ಮ ಕಡೆಯ ಪಾರ್ಕುಗಳಲ್ಲಿ ನಿಯಮ ಒಂದೊಂದು ಕಡೆ ಒಂದೊಂದು ಥರ; ಮೊದಲೇ ಫೋನ್ ಮಾಡಿ ಕೇಳೋದು ಒಳ್ಳೇದು. ಎಫ್-1 ವೀಸಾದಲ್ಲಿ ಇರುವ ಎಂಟು ಹುಡುಗರು ಕತ್ತಿ ಹಿಡಿದುಕೊಂಡು ಪಾರ್ಕಿನಲ್ಲಿ ಓಡಾಡುವುದನ್ನು ಯಾರೋ ನೋಡಿ 911ಗೆ ಫೋನ್ ಮಾಡಿದರೆ, ಚಾಲುಕ್ಯರ ಇತಿಹಾಸ ವಿವರಿಸುವಷ್ಟು ಪುರುಸೊತ್ತು ಪೊಲೀಸರಿಗೆ ಇರಲ್ಲ.

'ಈಗ ಎಐ ಇದೆಯಲ್ಲ, ಅರಮನೆ, ಆನೆ, ಸೈನ್ಯ ಎಲ್ಲ ಅದೇ ಮಾಡಿಕೊಡುತ್ತೆ' ಅಂದವರೂ ಇದ್ದರು. ಮಾಡಿಕೊಡುತ್ತೆ, ಒಪ್ಪಿದೆವು. ಆದರೆ ಎರಡು ವೀಕೆಂಡ್ ಒಟ್ಟಿಗೆ ಸೇರಿ ನಾವು ಮಾಡುವುದೇನು ಆಗ? ಲ್ಯಾಪ್‌ಟಾಪ್ ಮುಂದೆ ಕೂತು ಪ್ರಾಂಪ್ಟ್ ಬರೆಯೋದಾ? ಅದನ್ನು ಸೋಮವಾರದಿಂದ ಶುಕ್ರವಾರದವರೆಗೆ ಹೇಗೂ ಮಾಡ್ತೀವಿ.

ರಾಜರಿಲ್ಲದ ಪೀರಿಯಡ್ ಚಿತ್ರ ನಮಗೆ ಹೊಸದೇನಲ್ಲ. 'ಕೆಜಿಎಫ್'ನ ಕಥೆ ಬಹುಪಾಲು ನಡೆಯುವುದು 1970-80ರ ದಶಕಗಳಲ್ಲಿ. 'ಕಾಂತಾರ'ದ (2022) ಮುಖ್ಯ ಕಥೆ 1990ರದ್ದು. 'ಸಪ್ತ ಸಾಗರದಾಚೆ ಎಲ್ಲೋ' (2023) ಚಿತ್ರದ ಮೊದಲ ಭಾಗ 2010ಕ್ಕೆ ಹೋಗುತ್ತೆ – ಅದೂ ಈಗ ಪೀರಿಯಡ್ಡೇ! ಇವೆಲ್ಲಕ್ಕಿಂತ ಮೊದಲು ಶಂಕರ್ ನಾಗ್ 'ಮಾಲ್ಗುಡಿ ಡೇಸ್' ಮಾಡಿದಾಗ ಕಾಲಕ್ಕೆ ತಕ್ಕ ಊರನ್ನು ಹುಡುಕಿಕೊಂಡು ಆಗುಂಬೆಗೆ ಹೋದರು. ರೈಲ್ವೆ ಸ್ಟೇಷನ್ನಿಗೆ ಶಿವಮೊಗ್ಗ ಜಿಲ್ಲೆಯ ಅರಸಾಳು ಸಿಕ್ಕಿತು. ಹಳೇದನ್ನು ಪೂರ್ತಿ ಕಟ್ಟುವುದಕ್ಕಿಂತ, ಹಳೇದು ಇನ್ನೂ ಉಳಿದಿರುವ ಜಾಗಕ್ಕೆ ಹೋಗುವುದು ಸುಲಭ.

ಹಾಗಾದರೆ ನ್ಯೂಜೆರ್ಸಿಯಲ್ಲಿ ನಮ್ಮ ಆಗುಂಬೆ ಎಲ್ಲಿ? ನಾವು ಬಾಡಿಗೆಗೆ ಇರುವ ಮನೆಗಳೇ. ಇಟ್ಟಿಗೆ ಗೋಡೆ, ಹೊರಗೆ ಕಬ್ಬಿಣದ ಫೈರ್ ಎಸ್ಕೇಪ್, ಒಳಗೆ ರಾತ್ರಿಯೆಲ್ಲ ಬುಸ್ ಅನ್ನುವ ಎರಕದ ರೇಡಿಯೇಟರ್. ದಿನಾ ಬೈದುಕೊಳ್ಳುವ ಆ ರೇಡಿಯೇಟರ್ 1972ರಲ್ಲೂ ಅಲ್ಲೇ ಇತ್ತು. ಅದಕ್ಕೆ ಆರ್ಟ್ ಡೈರೆಕ್ಟರ್ ಬೇಕಿಲ್ಲ.

1972 ಯಾಕೆ ಅಂತ ಹೇಳಬೇಕು. 1965ರ ಅಕ್ಟೋಬರ್ 3ರಂದು ಅಧ್ಯಕ್ಷ ಲಿಂಡನ್ ಜಾನ್ಸನ್ ಹೊಸ ವಲಸೆ ಕಾನೂನಿಗೆ ಸಹಿ ಹಾಕಿದ್ದು ಇಲ್ಲೇ, ಲಿಬರ್ಟಿ ದ್ವೀಪದಲ್ಲಿ, ಸ್ವಾತಂತ್ರ್ಯ ದೇವಿಯ ಪ್ರತಿಮೆಯ ಬುಡದಲ್ಲಿ. ಯಾವ ದೇಶದಿಂದ ಎಷ್ಟು ಜನ ಎಂಬ ಹಳೇ ಕೋಟಾ ಪದ್ಧತಿಯನ್ನು ಅದು ತೆಗೆದುಹಾಕಿತು. ಆಮೇಲೆಯೇ ನಮ್ಮ ಊರುಗಳಿಂದ ಡಾಕ್ಟರುಗಳು, ಇಂಜಿನಿಯರುಗಳು, ವಿದ್ಯಾರ್ಥಿಗಳು ಹೆಚ್ಚಿನ ಸಂಖ್ಯೆಯಲ್ಲಿ ಬರತೊಡಗಿದ್ದು. 'ಎಂಟು ಡಾಲರ್ ಜೇಬಲ್ಲಿ ಇಟ್ಟುಕೊಂಡು ಬಂದ್ವಪ್ಪ' ಅನ್ನುವ ಮಾತನ್ನು ಆ ತಲೆಮಾರಿನ ಎಷ್ಟೋ ಜನರ ಬಾಯಲ್ಲಿ ನಾವೆಲ್ಲ ಕೇಳಿದ್ದೀವಿ. ಇವತ್ತು ಯುಗಾದಿಗೆ ನಮಗೆ ಊಟ ಬಡಿಸುವ, 'ಮನೆಗೆ ಬಾರಪ್ಪ' ಅಂತ ಕರೆಯುವ ಅಂಕಲ್-ಆಂಟಿಯರು ಅವರೇ. 24ನೇ ವಯಸ್ಸಿಗೆ 1972ರಲ್ಲಿ ಬಂದವರಿಗೆ ಈಗ ಎಂಬತ್ತರ ಹತ್ತಿರ.

ನಾವು ಬಾಗಿಲು ತಟ್ಟಿದ್ದು ಅವರದ್ದು. ಮೊದಲು ಹೋಗಿದ್ದು ಪ್ರಾಪ್ಸ್ ಕೇಳೋಕೆ ಅಷ್ಟೇ. ಹಳೇ ಸೂಟ್‌ಕೇಸ್, ಎಚ್‌ಎಂಟಿ ವಾಚು, ಊರಿಂದ ಹೊತ್ತು ತಂದ ಕುಕ್ಕರ್, ಅಗಲ ಕಾಲರಿನ ಶರಟು – ಇವನ್ನು ಕೇಳಿದರೆ ಸಿಗುತ್ತಿದ್ದದ್ದು ಮೂರು ಗಂಟೆ ಮಾತು, ಎರಡು ಸಲ ಕಾಫಿ. ಒಂದು ಮನೆಯಲ್ಲಿ ಆಂಟಿಯೊಬ್ಬರು ಬೇಸ್‌ಮೆಂಟಿನಿಂದ ಬಿಸ್ಕತ್ತಿನ ಡಬ್ಬಿ ತರಿಸಿದರು. ಒಳಗೆ ನೀಲಿ ಏರೋಗ್ರಾಮುಗಳ ಕಟ್ಟು. ಅವರ ತಂದೆ ಧಾರವಾಡದ ಕಡೆಯಿಂದ ಬರೆದದ್ದು. 'ನನಗೆ ಈಗ ಈ ಸಣ್ಣ ಅಕ್ಷರ ಕಾಣಂಗಿಲ್ಲ. ಮಕ್ಕಳಿಗೆ ಕನ್ನಡ ಓದಾಕ ಬರಂಗಿಲ್ಲ. ನೀವು ಓದ್ತೀರೇನು?' ಅಂದರು.

ಹಾವೇರಿಯ ನಮ್ಮ ಗೆಳೆಯ ಓದಿದ. 'ಚಿ. ಸೌ.' ಅಂತ ಶುರು, 'ಇತ್ತ ನಾವೆಲ್ಲ ಕ್ಷೇಮ, ನಿಮ್ಮ ಕ್ಷೇಮ ಸಮಾಚಾರ ತಿಳಿಸುವುದು' ಅಂತ ಮುಂದುವರಿಕೆ. ಮಳೆ ಇಲ್ಲ, ಜೋಳ ತುಟ್ಟಿಯಾಗಿದೆ, ಅಳಿಯಂದಿರಿಗೆ ಥಂಡಿಯಲ್ಲಿ ಕಿವಿ ಮುಚ್ಚಿಕೊಂಡು ಓಡಾಡಲು ಹೇಳು. ಆಂಟಿ ಕಣ್ಣು ಮುಚ್ಚಿಕೊಂಡು ಕೇಳಿದರು. ಕಟ್ಟಿನ ಕೊನೆಗೆ ಬಂದಾಗ ಇನ್ನೊಂದು ವಿಷಯ ಕಂಡಿತು. ಮೊದಲ ಕಾಗದಗಳಲ್ಲಿ ಕಳಿಸಿದವರ ವಿಳಾಸದ ಕೆಳಗೆ 'ಮೈಸೂರು ರಾಜ್ಯ' ಎಂದಿತ್ತು. 1973ರ ಕೊನೆಯ ಕಾಗದದಲ್ಲಿ 'ಕರ್ನಾಟಕ' ಎಂದು ಬರೆದು ಕೆಳಗೆ ಎರಡು ಗೆರೆ ಎಳೆದಿದ್ದರು. 1973ರ ನವೆಂಬರ್ 1ಕ್ಕೆ ಹೆಸರು ಬದಲಾಯಿತು ಅಂತ ನಾವು ಪರೀಕ್ಷೆಗೆ ಉರು ಹೊಡೆದಿದ್ದೆವು. ಅದು ಒಬ್ಬ ಅಪ್ಪನಿಗೆ ಮಗಳಿಗೆ ತಿಳಿಸಬೇಕಾದ ಸುದ್ದಿಯಾಗಿತ್ತು ಅಂತ ಗೊತ್ತಾಗಿದ್ದು ಆವತ್ತೇ. ನಮ್ಮ ಟ್ರೈಲರಿನ ಕೊನೆಯ ಶಾಟ್ ಆ ಎರಡು ಗೆರೆಯೇ, ಅವರ ಒಪ್ಪಿಗೆಯಿಂದ.

ಇದಾದ ಮೇಲೆ ನಮ್ಮ ಪ್ಲಾನಿಂಗಿನ ರೀತಿಯೇ ಬದಲಾಯಿತು. ಏನು ತೋರಿಸಬೇಕು ಅನ್ನುವುದಕ್ಕಿಂತ ಏನು ತೋರಿಸಬಾರದು ಅನ್ನುವ ಪಟ್ಟಿ ಉದ್ದವಾಯಿತು. ನಮ್ಮ ಕಥಾನಾಯಕ 1972ರ ಆಗಸ್ಟಿನಲ್ಲಿ ಬರುತ್ತಾನೆ. ಭಾರತದಲ್ಲಿ ಪಿನ್ ಕೋಡ್ ಬಂದದ್ದೇ ಆ ವರ್ಷ ಆಗಸ್ಟ್ 15ಕ್ಕೆ. ಹಾಗಾಗಿ ಅವನ ಡೈರಿಯಲ್ಲಿರುವ ಮನೆ ವಿಳಾಸದಲ್ಲಿ ಆರು ಅಂಕಿ ಇರುವಂತಿಲ್ಲ. ಅಂಗಡಿಯಲ್ಲಿ ಬಾರ್‌ಕೋಡ್ ಸ್ಕ್ಯಾನ್ ಮೊದಲು ನಡೆದದ್ದು 1974ರ ಜೂನ್‌ನಲ್ಲಿ, ಒಹಾಯೋದಲ್ಲಿ. ಆದ್ದರಿಂದ ಮೇಜಿನ ಮೇಲಿನ ಯಾವ ಪೊಟ್ಟಣದಲ್ಲೂ ಬಾರ್‌ಕೋಡ್ ಕಾಣಬಾರದು. ನೆವಾರ್ಕಿನ ಎನ್‌ಜೆಐಟಿಗೆ ಆ ಹೆಸರು ಬಂದದ್ದು 1975ರಲ್ಲಿ; ಅವನು 'ನೆವಾರ್ಕ್ ಕಾಲೇಜ್ ಆಫ್ ಇಂಜಿನಿಯರಿಂಗ್' ಅನ್ನಬೇಕು. ಫ್ಲಶಿಂಗ್‌ನ ಗಣೇಶ ದೇವಸ್ಥಾನದ ಪ್ರತಿಷ್ಠೆ 1977ರ ಜುಲೈ 4ಕ್ಕೆ. ಅವನ ಮೊದಲ ಗಣೇಶ ಚೌತಿ ರೂಮಿನಲ್ಲೇ ಆಗಬೇಕು. ತೊಗರಿಬೇಳೆ ಬೇಕಾದರೆ ಮ್ಯಾನ್‌ಹಟನ್ನಿನ ಲೆಕ್ಸಿಂಗ್ಟನ್ ಅವೆನ್ಯೂಗೆ ಹೋಗಬಹುದು. ಕಲುಸ್ಟಿಯನ್ಸ್ 1944ರಿಂದ ಇದೆ. ಎಡಿಸನ್‌ನ ಓಕ್ ಟ್ರೀ ರೋಡಿಗೆ ಹೋಗಿ ಮಸಾಲೆದೋಸೆ ತಿನ್ನುವ ಭಾಗ್ಯ ಅವನಿಗಿಲ್ಲ.

ಎಲ್ಲಕ್ಕಿಂತ ಕಷ್ಟವಾದದ್ದು ಜೆರ್ಸಿ ಸಿಟಿಯ ದಡದಿಂದ ಮ್ಯಾನ್‌ಹಟನ್ ತೋರಿಸುವುದು. ಹೊಸಬರೆಲ್ಲ ಮೊದಲ ವಾರವೇ ಅಲ್ಲಿ ನಿಂತು ಸೆಲ್ಫಿ ತೆಗೆದು ಮನೆಗೆ ಕಳಿಸ್ತಾರೆ. ಆದರೆ ಇವತ್ತು ಅಲ್ಲಿ ಕಾಣುವ ಎತ್ತರದ ಗೋಪುರ ತೆರೆದದ್ದು 2014ರಲ್ಲಿ. 1972ರಲ್ಲಿ ಅಲ್ಲಿ ಅವಳಿ ಗೋಪುರಗಳಿದ್ದವು. ಕಂಪ್ಯೂಟರಿನಲ್ಲಿ ಅವನ್ನು ತಂದು ನಿಲ್ಲಿಸಬಹುದಿತ್ತು. ನಾವು ಹುಡುಗನ ಮುಖ ತೋರಿಸಿದೆವು. ಅವನು ಏನು ನೋಡುತ್ತಿದ್ದಾನೆ ಅನ್ನುವುದನ್ನು ತೋರಿಸಲಿಲ್ಲ. ಆ ಶಾಟ್ ನೋಡಿ ಒಬ್ಬ ಅಂಕಲ್ 'ನಾನೂ ಹೀಗೇ ಬಾಯಿ ಬಿಟ್ಕೊಂಡು ನಿಂತಿದ್ದೆ ಕಣಯ್ಯ' ಅಂದರು.

ನ್ಯೂಯಾರ್ಕ್ ಒಂದು ಉಪಕಾರವನ್ನೂ ಮಾಡುತ್ತೆ. ಡಿಸೆಂಬರಿನ ಕೆಲವು ವೀಕೆಂಡುಗಳಲ್ಲಿ ಸಬ್‌ವೇಯವರು 1930ರ ದಶಕದ ಹಳೇ ರೈಲನ್ನು ಮಾಮೂಲಿ ಟಿಕೆಟ್ಟಿನಲ್ಲೇ ಓಡಿಸುತ್ತಾರೆ. ಆ ಬೋಗಿಗಳು ನಿಜಕ್ಕೂ 1977ರವರೆಗೆ ಓಡುತ್ತಿದ್ದವು, ಆದ್ದರಿಂದ ನಮ್ಮ ಕಥೆಗೆ ಸುಳ್ಳಲ್ಲ. ಒಳಗೆ ಲೈಟು, ಟ್ರೈಪಾಡ್ ಇಡುವಂತಿಲ್ಲ. ಫೋನ್ ಕೈಯಲ್ಲಿ ಹಿಡಿದೇ ತೆಗೆಯಬೇಕು. ಜನ ತುಂಬಿರ್ತಾರೆ, ಎಲ್ಲರ ಕೈಯಲ್ಲೂ ಫೋನ್. ಹಾಗಾಗಿ ಕ್ಲೋಸಪ್ ಮಾತ್ರ: ನೇತಾಡುವ ಹಿಡಿಕೆ ಹಿಡಿದ ಕೈ, ಮಣಿಕಟ್ಟಿನಲ್ಲಿ ಎಚ್‌ಎಂಟಿ, ಇನ್ನೊಂದು ಕೈಯಲ್ಲಿ ಟೋಕನ್. ಆಗ ಟಿಕೆಟ್ 35 ಸೆಂಟು. ಟ್ರೈಲರ್ ತೋರಿಸುವ ದಿನಕ್ಕೆ ಡಿಸೆಂಬರ್ ಕಾಯಲು ಆಗದಿದ್ದರೆ ಹಿಂದಿನ ವರ್ಷವೇ ಈ ಶಾಟ್ ತೆಗೆದಿಟ್ಟುಕೊಳ್ಳಿ. ಇಲ್ಲದಿದ್ದರೆ ಬ್ರೂಕ್ಲಿನ್ನಿನ ಟ್ರಾನ್ಸಿಟ್ ಮ್ಯೂಸಿಯಂನಲ್ಲಿ ಹಳೇ ಬೋಗಿಗಳು ನಿಂತಿವೆ. ಅಲ್ಲಿ ಏನು ಮಾಡಬಹುದು, ಏನು ಮಾಡಬಾರದು ಅಂತ ಮೊದಲೇ ಕೇಳಿಕೊಂಡು ಹೋಗಿ.

ಶೂಟಿಂಗಿನ ಬಗ್ಗೆ ಹೆಚ್ಚು ಹೇಳುವುದಿಲ್ಲ, ಯೂಟ್ಯೂಬಿನಲ್ಲಿ ಕಲಿಯಬಹುದು. ಎರಡೇ ಮಾತು. ನವೆಂಬರ್ ಮೊದಲ ಭಾನುವಾರ ಗಡಿಯಾರ ಹಿಂದಕ್ಕೆ ಹೋದ ಮೇಲೆ ಸಂಜೆ ಐದಕ್ಕೆಲ್ಲ ಕತ್ತಲೆ. ಮಿಡ್‌ಟರ್ಮ್ ಮುಗಿಸಿಕೊಂಡು ಮಧ್ಯಾಹ್ನ ಎರಡಕ್ಕೆ ಸೇರೋಣ ಅಂದರೆ, ನಮ್ಮವರು ಬರುವುದು ಮೂರಕ್ಕೆ, ಸೂರ್ಯ ಹೋಗುವುದು ನಾಲ್ಕೂವರೆಗೆ. ಹೊರಗಿನ ಶಾಟುಗಳನ್ನು ಅಕ್ಟೋಬರಿನಲ್ಲೇ ಮುಗಿಸಿ. ಎರಡನೆಯದು, ರೇಡಿಯೇಟರ್ ಸದ್ದಿನಲ್ಲಿ ಮಾತು ಕೇಳಲ್ಲ. ಸಂಭಾಷಣೆಯನ್ನು ಬಟ್ಟೆ ಬೀರುವಿನ ಒಳಗೆ ಕೂತು ಬೇರೆಯಾಗಿ ರೆಕಾರ್ಡ್ ಮಾಡಿಕೊಳ್ಳಿ.

ಸಂಭಾಷಣೆ ಅಂದೆವಲ್ಲ, ನಮ್ಮ ಪ್ರಕಾರ ಪೀರಿಯಡ್ ಚಿತ್ರದ ಅರ್ಧ ಕೆಲಸ ಅದೇ. ಬೆಲ್‌ಬಾಟಮ್ ಹಾಕಿಕೊಂಡು 'ಬ್ರೋ, ಸೀನ್ ಇಲ್ಲ ಬಿಡು' ಅಂದರೆ ಎಲ್ಲ ಮುಗಿಯಿತು. ನಮ್ಮ ಸ್ಕ್ರಿಪ್ಟಿನ ಮೊದಲ ಪ್ರತಿಯನ್ನು ಓದಿಸಿದಾಗ ಹಿರಿಯರು ಪ್ರತಿ ಸಾಲಿಗೂ ನಿಲ್ಲಿಸಿದರು. ಮೈಸೂರಿನ ಹುಡುಗ 'ಲೆಟರ್ ಬಂತಾ?' ಅನ್ನಲ್ಲ, 'ಕಾಗದ ಬಂತೇನೋ?' ಅಂತಾನೆ. ಧಾರವಾಡದವನು 'ಟಪಾಲು ಬಂತೇನು?' ಅಂತಾನೆ. ಹೊಸದಾಗಿ ಪರಿಚಯವಾದ ಇಬ್ಬರು ಮೊದಲ ದಿನವೇ 'ನೀನು' ಅನ್ನಲ್ಲ. 'ರೀ' ಹೋಗಿ 'ಲೇ' ಬರುವುದಕ್ಕೆ ಒಂದು ಸೆಮಿಸ್ಟರ್ ಬೇಕು. ಇಬ್ಬರ ಮಾತೂ 1972ರ ಹೊಸ ಸಿನಿಮಾ 'ಬಂಗಾರದ ಮನುಷ್ಯ'ದ ಕಡೆ ತಿರುಗಬೇಕು. ಬೆಂಗಳೂರಿನ ಸ್ಟೇಟ್ಸ್ ಚಿತ್ರಮಂದಿರದಲ್ಲಿ ಎರಡು ವರ್ಷ ಓಡಿದ ಆ ಚಿತ್ರ ಓದಿದ ಯುವಕನೊಬ್ಬ ಹಳ್ಳಿಯಲ್ಲಿ ನಿಂತು ಮಣ್ಣು ಹದ ಮಾಡುವ ಕಥೆ. ಅದನ್ನು ನೋಡಿ ಕಣ್ಣೀರು ಹಾಕಿ, ಅದೇ ವರ್ಷ ವಿಮಾನ ಹತ್ತಿದವರ ಮನಸ್ಸಿನಲ್ಲಿ ಏನಿದ್ದಿರಬಹುದು? ಎರಡು ನಿಮಿಷದಲ್ಲಿ ಉತ್ತರ ಹೇಳಲು ಆಗಲ್ಲ. ಆದರೆ ಆ ಪ್ರಶ್ನೆ ನಮಗೂ ತಾಗುತ್ತೆ.

ಇಲ್ಲೇ ಹುಟ್ಟಿ ಬೆಳೆದ ನಮ್ಮ ಇಬ್ಬರು ಗೆಳತಿಯರಿಗೆ ಕನ್ನಡ ಮಾತಾಡಲು ಬರುತ್ತೆ, ಓದಲು ಬರಲ್ಲ. ಅವರು ತಮ್ಮ ಸಾಲುಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಂಡು ಕಲಿತರು. ಮೂರನೇ ವಾರಕ್ಕೆ ಒಬ್ಬಳು ತನ್ನ ಅಜ್ಜಿಯ ಹಳೇ ಕಾಗದಗಳನ್ನು ಮನೆಯಿಂದ ತಂದು 'ಇದರಲ್ಲಿ ಏನಿದೆ, ನನಗೆ ಹೇಳಿಕೊಡ್ತೀರಾ?' ಅಂದಳು. ಈಗ ವಾರಕ್ಕೊಂದು ಪುಟ ಓದುತ್ತಿದ್ದಾಳೆ. ರಾಜರ ಟ್ರೈಲರ್ ಮಾಡಿದ್ದರೆ ಇದು ಆಗ್ತಿತ್ತಾ? ಹೇಳಿ.

'ಸಿನಿಮಾ ಇಲ್ಲದೆ ಬರೀ ಟ್ರೈಲರ್ ಮಾಡೋದು ಮೋಸ ಅಲ್ವಾ?' ಅಂತಲೂ ಕೇಳಿದರು. ಟ್ರೈಲರ್ ಹುಟ್ಟಿದ್ದೇ ಈ ಊರಲ್ಲಿ ಅನ್ನುತ್ತಾರೆ: 1913ರಲ್ಲಿ ನ್ಯೂಯಾರ್ಕಿನ ಥಿಯೇಟರುಗಳ ಪ್ರಚಾರ ನೋಡಿಕೊಳ್ಳುತ್ತಿದ್ದ ನಿಲ್ಸ್ ಗ್ರಾನ್‌ಲಂಡ್ ತೋರಿಸಿದ ತುಣುಕೇ ಮೊದಲನೆಯದಂತೆ. ಅದು ಸಿನಿಮಾದ್ದೂ ಅಲ್ಲ, ಬ್ರಾಡ್‌ವೇ ಸಂಗೀತ ನಾಟಕವೊಂದರ ರಿಹರ್ಸಲಿನದ್ದು. ಅಸೈನ್‌ಮೆಂಟು, ಪಾರ್ಟ್‌ಟೈಮ್ ಕೆಲಸ, ಇಂಟರ್ನ್‌ಶಿಪ್ ಹುಡುಕಾಟದ ನಡುವೆ ಎರಡು ಗಂಟೆಯ ಸಿನಿಮಾ ನಮ್ಮಿಂದ ಸಾಧ್ಯವಿಲ್ಲ. ಎರಡು ನಿಮಿಷ ಸಾಧ್ಯ. ಉಳಿದ ಕಥೆ ಆ ಮನೆಗಳ ಬೇಸ್‌ಮೆಂಟುಗಳಲ್ಲಿದೆ.

ಆದರೆ ಅದು ಅಲ್ಲಿ ಬಹಳ ದಿನ ಇರಲ್ಲ. ದೊಡ್ಡ ಮನೆ ಮಾರಿ ಹಿರಿಯರು ಮಕ್ಕಳಿರುವ ಊರಿಗೋ, ಬೆಚ್ಚಗಿನ ರಾಜ್ಯಗಳಿಗೋ ಹೋಗುತ್ತಿದ್ದಾರೆ. ಸೂಟ್‌ಕೇಸು, ಶರಟು ದಾನದ ಅಂಗಡಿಗೆ ಹೋಗುತ್ತೆ, ಯಾರಿಗಾದರೂ ಉಪಯೋಗವಾಗುತ್ತೆ. ಕನ್ನಡದ ಕಾಗದಗಳನ್ನು ಮಾತ್ರ ಯಾವ ಅಂಗಡಿಯೂ ತಗೊಳ್ಳಲ್ಲ. ಮನೆಯವರಿಗೆ ಓದಲು ಬರದಿದ್ದರೆ ಅವು ಹೋಗುವುದು ಮರುಬಳಕೆಯ ನೀಲಿ ಡಬ್ಬಕ್ಕೆ. ಮೊನ್ನೆ ಮೊನ್ನೆ ಊರಿಂದ ಬಂದ, ಹತ್ತನೇ ಕ್ಲಾಸಿನವರೆಗಾದರೂ ಕನ್ನಡ ಓದಿದ ನಾವು ಅವನ್ನು ಓದಬಲ್ಲೆವು. ಈ ಊರಿನಲ್ಲಿ ನಮಗೆ ಕಾರಿಲ್ಲ, ದುಡ್ಡಿಲ್ಲ, ಅನುಭವವಿಲ್ಲ. ಆದರೆ ಇದೊಂದು ನಮ್ಮ ಕೈಲಿದೆ.

ಹಾಗಾಗಿ ಮುಂದಿನ ವರ್ಷದ ತಂಡಕ್ಕೆ ನಮ್ಮ ಸಲಹೆ ಇಷ್ಟು. ಕ್ಯಾಮೆರಾ ಬಾಡಿಗೆಗೆ ಹುಡುಕುವ ಮುಂಚೆ ಇಲ್ಲಿನ ಬೃಂದಾವನ ಅಥವಾ ನ್ಯೂಯಾರ್ಕ್ ಕನ್ನಡ ಕೂಟದ ಕಾರ್ಯಕ್ರಮಕ್ಕೆ ಹೋಗಿ, ಹಿರಿಯರ ಪಕ್ಕದಲ್ಲಿ ಕೂತು ಊಟ ಮಾಡಿ. 'ನೀವು ಬಂದಾಗ ಹೇಗಿತ್ತು?' ಅಂತ ಕೇಳಿ. ಕಾಗದ ಕೊಟ್ಟರೆ ಅವರೆದುರೇ ಸ್ಕ್ಯಾನ್ ಮಾಡಿಕೊಂಡು ಮೂಲವನ್ನು ಅಲ್ಲೇ ವಾಪಸ್ ಕೊಡಿ. ಖಾಸಗಿ ವಿಷಯವನ್ನು ಕಥೆಗೆ ಬಳಸಬೇಡಿ. ಬಳಸುವ ಪ್ರತಿ ಸಾಲಿಗೂ ಒಪ್ಪಿಗೆ ಕೇಳಿ. ಕಾಲ 1972ರದ್ದೇ ಆಗಬೇಕಿಲ್ಲ. ವೈಟುಕೆ ಸಮಯದಲ್ಲಿ ಬೆಂಗಳೂರಿಂದ ಬಂದ ಪ್ರೋಗ್ರಾಮರುಗಳ ಕಥೆಯೂ ಈಗ ಇಪ್ಪತ್ತೈದು ವರ್ಷ ಹಳೇದು. ಕಾಲಿಂಗ್ ಕಾರ್ಡ್ ಗೀರಿ ನಂಬರ್ ಒತ್ತುತ್ತಿದ್ದ ಆ ಕಾಲವನ್ನು ಯಾರೂ ಇನ್ನೂ ಮುಟ್ಟಿಲ್ಲ. ಅವರೆಲ್ಲ ಇನ್ನೂ ಎಡಿಸನ್‌ನಲ್ಲಿ, ಪಾರ್ಸಿಪನಿಯಲ್ಲಿ ಇದ್ದಾರೆ, ಫೋನ್ ಮಾಡಿದರೆ ಸಿಗ್ತಾರೆ.

ನಮ್ಮ ತಂಡ ಈವರೆಗೆ ಸ್ಕ್ಯಾನ್ ಮಾಡಿದ ಕಾಗದಗಳು ಸಂಘದ ಡ್ರೈವ್‌ನಲ್ಲಿವೆ, ಮನೆಯವರ ಒಪ್ಪಿಗೆ ಇರುವಷ್ಟು ಮಾತ್ರ. ಓದಿ ಟೈಪ್ ಮಾಡಲು ಕೈಗಳು ಬೇಕಾಗಿವೆ. ಕೈಬರಹ ಸ್ವಲ್ಪ ಕಷ್ಟ, ಮೋಡಿ ಅಕ್ಷರದ ಥರ ಕಾಣುವ ಪುಟಗಳೂ ಇವೆ. ಸ್ಪ್ರಿಂಗ್ ಬ್ರೇಕಿನಲ್ಲಿ ಊರಿಗೆ ಹೋಗದೆ ಇಲ್ಲೇ ಇರುವವರು ದಯವಿಟ್ಟು ಬನ್ನಿ. ಕಾಫಿ ನಮ್ಮದು.